ಒಂದು ಮೊಳ ಗೋಡೆ

“ನಿಲ್ಸಿ, ನಿಲ್ಸಿ. ಮೂಲೆ ಹೊಡೀತು,” ಎಂದ ಪೈಲ್ವಾನ. ಕೆಳಗಿನ ತುದಿ ಹಿಡಿದಿದ್ದವನು ಅವನು. ಭಾರವೆಲ್ಲ ಅವನ ಎದೆಯ ಮೇಲೆಯೇ ಬಿದ್ದಿತ್ತು.

ನಾಲ್ಕನೆಯ ಮಹಡಿಯಿಂದ ಮೂರನೆಯದಕ್ಕೆ ಇಳಿಯುವ ಮೆಟ್ಟಿಲಿನ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಹಾಕಿಕೊಂಡಿತ್ತು. ಒಂದು ಮೂಲೆ ಗೋಡೆಗೆ, ಇನ್ನೊಂದು ಮೂಲೆ ಮೆಟ್ಟಿಲ ಕಂಬಿಗೆ. ಬೆಳಿಗ್ಗೆ ಹತ್ತಿಸುವಾಗ ಪೆಟ್ಟಿಗೆ ಖಾಲಿಯಿತ್ತು, ನೆಟ್ಟಗೆ ನಿಲ್ಲಿಸಿಕೊಂಡು ತಂದಿದ್ದರು. ಈಗ ಒಳಗೆ ಮೇಸ್ತ್ರಿ ಇದ್ದರು. ಅವರನ್ನು ನೆಟ್ಟಗೆ ನಿಲ್ಲಿಸುವ ಕಾಲ ನಿನ್ನೆ ಮಧ್ಯಾಹ್ನಕ್ಕೇ ಮುಗಿದಿತ್ತು.

ಮೂರನೆಯ ಮಹಡಿಯ ದರ್ಜಿ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಹೊರಗೆ ಬಂದ. ಪೆಟ್ಟಿಗೆಯನ್ನೂ ತಿರುವನ್ನೂ ನೋಡಿದ. “ಎಷ್ಟು ತಿರುಗಿಸಿದ್ರೂ ಹೋಗಲ್ಲ. ನಾಲ್ಕು ಬೆರಳು ಸಾಲದು,” ಎಂದ. ಅಳತೆಯ ವಿಷಯದಲ್ಲಿ ಅವನಿಗೆ ಎದುರಾಡುವವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. “ಒಂದು ಕೆಲಸ ಮಾಡಿ. ಅವರನ್ನ ಹೊರಗೆ ತೆಗೆದು, ದುಪ್ಪಟಿಯಲ್ಲಿ ಸುತ್ತಿ, ಹೆಗಲ ಮೇಲೆ ಇಳಿಸಿ. ಕೆಳಗೆ ಹೋದ್ಮೇಲೆ ಪೆಟ್ಟಿಗೇಲಿ ಮಲಗಿಸಿದ್ರಾಯ್ತು.”

“ಬೇಡ.”

ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಮೇಸ್ತ್ರಿಯ ಹೆಂಡತಿ ಹೇಳಿದ್ದು ಅಷ್ಟು ಮೆಲ್ಲಗೆ ಎಂದರೆ ದರ್ಜಿಗೆ ಕೇಳಿಸಲೇ ಇಲ್ಲ. ಆಕೆ ಇನ್ನೊಮ್ಮೆ ಹೇಳಿದರು. “ಬೇಡ. ಮೂಟೆ ಕಟ್ಟಿ ಇಳಿಸೋದು ಬೇಡ. ನಲವತ್ತು ವರ್ಷ ಕಟ್ಟಡದ ಹೊರಗಡೆಯಿಂದ ಇಳಿದ ಮನುಷ್ಯ. ಇವತ್ತೂ ಹಾಗೇ ಇಳೀಲಿ.”

ಪೈಲ್ವಾನ ಗುಮಾಸ್ತನ ಮುಖ ನೋಡಿದ. ಗುಮಾಸ್ತ ಮೇಸ್ತ್ರಿಯ ಮಗನ ಮುಖ ನೋಡಿದ. ಮಗ ತನ್ನ ಚಪ್ಪಲಿ ನೋಡಿಕೊಂಡ. ಮೆಟ್ಟಿಲಿನ ಕಿಟಕಿಯಿಂದ ಆದಷ್ಟು ದೂರಕ್ಕೆ, ಒಳಗೋಡೆಗೆ ಬೆನ್ನು ಒತ್ತಿ ಅವನು ನಿಂತಿದ್ದ.

ಮೇಸ್ತ್ರಿ ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಹೊಡೆಸುವವರು. ತಾರಸಿಯಿಂದ ಎರಡು ಹಗ್ಗ ಇಳಿಬಿಟ್ಟು, ತುದಿಗೆ ಉದ್ದನೆಯ ಹಲಗೆ ಕಟ್ಟಿ, ಅದರ ಮೇಲೆ ಕೂತು ಬಣ್ಣ ಹೊಡೆಯುತ್ತ ಮಹಡಿಯಿಂದ ಮಹಡಿಗೆ ಇಳಿಯುವುದು ಅವರ ಕಸುಬು. ಪೈಲ್ವಾನ, ಗುಮಾಸ್ತ, ಕುಳ್ಳ, ಮತ್ತೆ ಯಾವಾಗಲೂ ಜೊತೆಯಾಗಿಯೇ ಇರುವ ಇಬ್ಬರು ಅಣ್ಣತಮ್ಮಂದಿರು, ಇಷ್ಟು ಜನ ಅವರ ತಂಡ. ತೂಗುಹಲಗೆ, ಹಗ್ಗ, ರಾಟೆ ಎಲ್ಲವೂ ತಾರಸಿಯ ಕೋಣೆಯಲ್ಲೇ ಇದ್ದವು. ಇಳಿಸುವುದು ಅವರಿಗೆ ಹೊಸ ಕೆಲಸವಲ್ಲ. ಈ ಮನೆಯ ಬೀರು, ಮಂಚ, ದರ್ಜಿಯ ದೊಡ್ಡ ಮೇಜು ಎಲ್ಲ ಹತ್ತಿದ್ದೂ ಹಾಗೆಯೇ.

ಪೆಟ್ಟಿಗೆ ಮತ್ತೆ ಮನೆಯೊಳಗೆ ಬಂತು. ಸಾಗಿಸುವ ಗಾಡಿಯವನು ಕೆಳಗಿನಿಂದ ಎರಡು ಸಲ ಹಾರ್ನ್ ಮಾಡಿದ. ನಾಲ್ಕಕ್ಕೆ ಸ್ಮಶಾನದ ಗೇಟು ಮುಚ್ಚುತ್ತಾರೆ, ಆಗಲೇ ಎರಡು ದಾಟಿತ್ತು.

“ಹಗ್ಗಕ್ಕೆ ನಾಲ್ಕು ಜನ,” ಎಂದು ಗುಮಾಸ್ತ ಬೆರಳು ಮಡಚಿದ. “ಪೈಲ್ವಾನ, ನಾನು, ಇವರಿಬ್ಬರು. ಹಲಗೆ ಮೇಲೆ?”

“ನಾನೇ ಕೂರ್ತಿದ್ದೆ,” ಎಂದು ಕುಳ್ಳ ಬಲಗೈಯ ಪ್ಲಾಸ್ಟರು ಎತ್ತಿ ತೋರಿಸಿದ. ಇಪ್ಪತ್ತು ವರ್ಷ ಆಕಾಶದಲ್ಲಿ ನೇತಾಡಿದವನು ಹೋದ ವಾರ ಬಚ್ಚಲುಮನೆಯಲ್ಲಿ ಸೋಪಿನ ಮೇಲೆ ಕಾಲಿಟ್ಟು ಬಿದ್ದಿದ್ದ. ಬೇರೆ ದಿನವಾಗಿದ್ದರೆ ಇದಕ್ಕೆ ನಗುತ್ತಿದ್ದರು.

“ಖಾಲಿ ಪೆಟ್ಟಿಗೆಯಾಗಿದ್ರೆ ಹಾಗೇ ಬಿಡಬಹುದಿತ್ತು,” ಎಂದ ಪೈಲ್ವಾನ. “ಇವರನ್ನ ಒಬ್ಬರನ್ನೇ ಬಿಟ್ರೆ ಗಾಳಿಗೆ ಗೋಡೆಗೆ ಹೋಗಿ ಬಡಿಯುತ್ತೆ. ಒಬ್ಬ ಕೂರಲೇಬೇಕು. ಹಗುರ ಇರೋನು. ಮೊಳ ಹೇಳೋಕೆ ಗೊತ್ತಿರೋನು.”

ಅದು ಮೇಸ್ತ್ರಿ ಮಾಡಿದ ಕಟ್ಟಳೆ. ಹಲಗೆಯ ಮೇಲಿರುವವನು “ಮೊಳ” ಎನ್ನಬೇಕು. ಅಂದರೆ ಮೇಲಿನವರು ಒಂದು ಮೊಳ ಹಗ್ಗ ಸಡಿಲಿಸಬೇಕು, ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನು ಅನ್ನುವವರೆಗೆ ಹಗ್ಗ ಅಲುಗಾಡಕೂಡದು. ನೇತಾಡುವವನಿಗೆ ಮಾತ್ರ ಗೊತ್ತು ತಾನು ಎಲ್ಲಿದ್ದೇನೆಂದು, ಹಿಡಿದವನಿಗೆ ಗೊತ್ತಿರುವುದಿಲ್ಲ ಎನ್ನುತ್ತಿದ್ದರು.

ಹಗುರ ಇರುವವನೂ ಮೊಳ ಹೇಳಲು ಗೊತ್ತಿರುವವನೂ ಆ ಕೋಣೆಯಲ್ಲಿ ಒಬ್ಬನೇ ಇದ್ದ. ಅವನು ಒಂಬತ್ತು ವರ್ಷದಿಂದ ಕುರ್ಚಿಯ ಮೇಲೆ ಹತ್ತಿ ಬಲ್ಬು ಕೂಡ ಬದಲಿಸಿದವನಲ್ಲ. ದೊಡ್ಡ ಅಂಗಡಿಯೊಂದರ ನೆಲಮಾಳಿಗೆಯಲ್ಲಿ, ಕಾರು ಬಂದಾಗ ಅಡ್ಡಗಂಬ ಎತ್ತಿ ಇಳಿಸುವ ಕೆಲಸ ಅವನದು. ನೆಲಕ್ಕಿಂತ ಕೆಳಗೆ ಕೂತವನಿಗೆ ಬೀಳಲು ಜಾಗವೇ ಇರುವುದಿಲ್ಲ, ಆ ಕೆಲಸದಲ್ಲಿ ಅವನು ಕಂಡುಕೊಂಡ ಸುಖ ಅದೊಂದೇ.

“ನನ್ನ ಕೈಲಿ ಆಗಲ್ಲ,” ಎಂದ ಮಗ. ಯಾರೂ ಇನ್ನೂ ಅವನನ್ನು ಕೇಳಿರಲಿಲ್ಲ.

*

ಗುಮಾಸ್ತ ನಿಜಕ್ಕೂ ಗುಮಾಸ್ತನಾಗಿದ್ದವನು. ಯಾರೋ ಮಾಡಿದ ತಪ್ಪಿಗೆ ಇವನನ್ನು ಕಚೇರಿಯಿಂದ ತೆಗೆದರು. ಬಿದ್ದವನಿಗೆ ಆಳಿಗೊಂದು ಕಲ್ಲು ಎಂಬಂತೆ ಅದೇ ತಿಂಗಳು ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಒಂದು ಮಧ್ಯಾಹ್ನ ಅವನು ಗೊತ್ತಿಲ್ಲದ ಕಟ್ಟಡವೊಂದರ ತಾರಸಿ ಹತ್ತಿ ಅಂಚಿನ ಬಳಿ ನಿಂತ. ಅಲ್ಲಿ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂತು ಬಣ್ಣ ಕಲಸುತ್ತಿದ್ದ.

“ಹಾರೋದಾದ್ರೆ ಆ ಕಡೆ ಹೋಗು,” ಎಂದ ಆ ಮನುಷ್ಯ, ತಲೆಯೆತ್ತದೆ. “ಈ ಕಡೆ ಗೋಡೆ ಇನ್ನೂ ಹಸಿ ಇದೆ. ಇಲ್ಲಾಂದ್ರೆ ಬಾ, ಈ ಡಬ್ಬ ಸ್ವಲ್ಪ ಹಿಡ್ಕೋ. ಒಬ್ಬನ ಕೈಲಿ ಆಗ್ತಿಲ್ಲ.”

ಗುಮಾಸ್ತ ಸಂಜೆಯವರೆಗೆ ಡಬ್ಬ ಹಿಡಿದುಕೊಂಡ. ಬೇರೇನೂ ಮಾತಾಗಲಿಲ್ಲ. ಹೊರಡುವಾಗ ಮೇಸ್ತ್ರಿ, “ನಾಳೆ ಬೆಳಿಗ್ಗೆ ಬಾ,” ಎಂದರು.

ಮರುದಿನ ಅವರು ನೆಲಮಹಡಿಯ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಚೌಕ ಗೀಚಿದರು. ಅಗಲ ಮೊಣಕೈಯಿಂದ ಬೆರಳ ತುದಿಯವರೆಗೆ, ಎತ್ತರವೂ ಅಷ್ಟೇ. “ಇವತ್ತು ನಿನ್ನ ಪಾಲಿಗೆ ಇರೋದು ಇಷ್ಟೇ, ಒಂದು ಮೊಳ ಗೋಡೆ. ಕೆರಿ, ತೂತು ಮುಚ್ಚು, ಉಜ್ಜು, ಬಣ್ಣ ಹೊಡಿ. ಕೆಲಸ ಹೋಯ್ತು, ಹೆಂಡತಿ ಹೋದ್ಲು, ಮಾನ ಹೋಯ್ತು, ಅದೆಲ್ಲ ಈ ಗೆರೆಯಿಂದ ಆಚೆ. ಅದನ್ನ ಯೋಚನೆ ಮಾಡ್ಬೇಡ ಅನ್ನಲ್ಲ. ಗೆರೆ ಒಳಗೆ ತರಬೇಡ ಅಷ್ಟೇ.”

ಸಂಜೆ ಬಂದು ನೋಡಿದರು. “ಚೆನ್ನಾಗಿಲ್ಲ. ನಾಳೆ ಬೆಳಿಗ್ಗೆ ಬಾ.”

ಇಷ್ಟೇ ಅವರ ವಿದ್ಯೆ. ಕುಡಿದು ಮನೆ ಹಾಳುಮಾಡಿಕೊಂಡ ಕುಳ್ಳನಿಗೂ ಅದೇ ಚೌಕ, ಸೊಂಟ ಮುರಿದು ಕುಸ್ತಿ ಬಿಟ್ಟ ಪೈಲ್ವಾನನಿಗೂ ಅದೇ ಚೌಕ. ತಾಯಿ ತಂದೆ ಒಂದೇ ಅಪಘಾತದಲ್ಲಿ ಹೋದ ಮೇಲೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಗೆ ಅಕ್ಕಪಕ್ಕದಲ್ಲಿ ಎರಡು. ಬೇರೆ ಮೇಸ್ತ್ರಿಗಳು ಈ ತಂಡವನ್ನು ಮುರುಕು ಸಾಮಾನಿನ ಅಂಗಡಿ ಎಂದು ಆಡಿಕೊಳ್ಳುತ್ತಿದ್ದರು. ಎಲ್ಲರೂ ಎದ್ದು ನಿಂತರು ಎನ್ನುವುದೂ ಸುಳ್ಳು. ಮೂರನೆಯ ದಿನವೇ ಬರದೆ ಹೋದವರು ಎಷ್ಟೋ ಜನ. ಅವರ ಚೌಕ ಅರ್ಧ ಉಜ್ಜಿದಂತೆಯೇ ಇರುತ್ತಿತ್ತು. ಮೇಸ್ತ್ರಿ ಒಂದು ವಾರ ಕಾದು, ಕೊನೆಗೆ ಅದನ್ನು ತಾವೇ ಮುಗಿಸುತ್ತಿದ್ದರು. ಆ ದಿನ ಅವರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.

*

ಮಗ ಅಡುಗೆಮನೆಯಲ್ಲಿ ನಿಂತು ನೀರು ಕುಡಿಯುತ್ತಿದ್ದ. ಆಗಲೇ ಮೂರು ಲೋಟ ಆಗಿತ್ತು. ತಾರಸಿಯ ಮೇಲೆ ಹಲಗೆ ಎಳೆಯುವ ಸದ್ದು ತಲೆಯ ಮೇಲೇ ಕೇಳುತ್ತಿತ್ತು. ತಾಯಿ ಬಂದು ಬಾಗಿಲಿಗೆ ಒರಗಿ ನಿಂತರು.

“ಅಮ್ಮ, ಹೇಳ್ಬೇಡ.”

“ನಾನೇನು ಹೇಳ್ದೆ?”

“ಈ ಕಟ್ಟಡಾನೇ ಅದು. ಇದೇ ಗೋಡೆ.”

“ಗೊತ್ತು. ಅವತ್ತು ನಾನೂ ಕೆಳಗೆ ನಿಂತಿದ್ದೆ.”

ಗುಮಾಸ್ತ ಹಗ್ಗದ ಸುರುಳಿ ಹೆಗಲಿಗೇರಿಸಿಕೊಂಡು ಒಳಗೆ ಬಂದ. ಇಬ್ಬರ ಮುಖವನ್ನೂ ನೋಡಿ, ಏನಾದರೂ ಹೇಳಲೇಬೇಕೆಂದು ಹೇಳಿದ. “ಆಮೇಲೆ ಎರಡು ಸಲ ಬಣ್ಣ ಹೊಡೆದ್ವಿ ಇದಕ್ಕೆ. ಮೊದಲು ಬಿಳಿ, ಈಗ ಬೂದಿ ಬಣ್ಣ. ಎರಡು ಸಲವೂ ಆ ಕೊಳವೆ ಮೂಲೆ ಮಾತ್ರ ಮೇಸ್ತ್ರಿ ನಮಗೆ ಬಿಡಲಿಲ್ಲ. ತಾವೇ ಕೂತು ಮಾಡಿದ್ರು.”

“ಅಳಿಸ್ಬೇಕಲ್ಲ,” ಎಂದ ಮಗ. “ಅಡಿಕೆಗೆ ಹೋದ ಮಾನ. ಬೇರೆಯವರ ಕೈಲಿ ಹೇಗೆ ಅಳಿಸ್ತಾರೆ?”

ಗುಮಾಸ್ತ ಹೆಗಲ ಮೇಲಿನ ಹಗ್ಗ ಸರಿಮಾಡಿಕೊಂಡು ಮೇಲೆ ಹೋದ.

“ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದರು ತಾಯಿ. ಗಂಡ ಪಕ್ಕದ ಕೋಣೆಯಲ್ಲಿ ಮಲಗಿದ್ದಾರೆಂಬ ದಾಕ್ಷಿಣ್ಯವೂ ಆಕೆಗಿರಲಿಲ್ಲ. “ಕಂಡೋರಿಗೆಲ್ಲ ಒಂದೊಂದು ಮೊಳ ಕೊಟ್ರು. ಮಗನಿಗೆ ಮಾತ್ರ ಇಡೀ ಗೋಡೆ. ಅವತ್ತು ರಾತ್ರಿ ಊಟ ಮಾಡ್ಲಿಲ್ಲ. ಯಾರ ತಪ್ಪು ಇದು ಅಂತ ಕೇಳ್ದೆ. ‘ಅಳತೆ ತಪ್ಪಿತು’ ಅಂದ್ರು.”

ಮಗ ಲೋಟ ಕೆಳಗಿಟ್ಟ. “ನನಗೆ ಯಾಕೆ ಹೇಳ್ಲಿಲ್ಲ?”

“ನಾನೂ ಅವರನ್ನ ಅದನ್ನೇ ಕೇಳ್ತಿದ್ದೆ.”

“ಒಂಬತ್ತು ವರ್ಷ ಇತ್ತಲ್ಲಮ್ಮ. ಹೋದ ತಿಂಗಳು ಬಂದು ಅವರ ಪಕ್ಕ ಒಂದು ಗಂಟೆ ಕೂತಿದ್ದೆ. ಏನಂದ್ರು ಗೊತ್ತಾ? ಬಾಗಿಲು ಹಾಕ್ಕೊಂಡು ಹೋಗು, ಗಾಳಿ ಬರ್ತಿದೆ ಅಂದ್ರು. ಅದೇ ಕೊನೇ ಮಾತು.”

ತಾಯಿ ಬಗ್ಗಿ ಚಪ್ಪಲಿ ಕಳಚಿ ಗೋಡೆಯ ಬದಿಗೆ ಜೋಡಿಸಿಟ್ಟರು.

“ಏನ್ಮಾಡ್ತಿದೀಯಾ?”

“ಹಲಗೆ ಮೇಲೆ ಚಪ್ಪಲಿ ಹಾಕ್ಬಾರದು ಅಂತಿದ್ರು. ನಾನು ನಿನಗಿಂತ ಹಗುರ. ಮೊಳ ಅನ್ನೋಕೆ ನನಗೂ ಬರುತ್ತೆ.”

ತಮಾಷೆಯ ಮಾತಲ್ಲ ಎಂದು ಅವನಿಗೆ ಗೊತ್ತಾಯಿತು. ಆಕೆ ಅಂದದ್ದನ್ನು ಮಾಡುವವರು. “ನಾನೇ ಹೋಗ್ತೀನಿ,” ಎಂದ. ಧೈರ್ಯ ಬಂದು ಹೇಳಿದ್ದಲ್ಲ, ಬೇರೆ ದಾರಿ ಉಳಿದಿರಲಿಲ್ಲ. ಹೇಳಿದ ಮೇಲೆ ಸಿಂಕಿನ ಮೇಲೆ ಬಗ್ಗಿ ಕುಡಿದ ಮೂರು ಲೋಟ ನೀರನ್ನೂ ಕಾರಿಕೊಂಡ.

*

ಮಗ ಒಂದು ಸಲ ಹಲಗೆಯಿಂದ ಬಿದ್ದಿದ್ದ, ಬೇರೆ ಕಟ್ಟಡದಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ರಾಟೆಯ ಕೊಕ್ಕೆ ಬಿಚ್ಚಿಕೊಂಡು ಎರಡನೆಯ ಮಹಡಿಯ ಎತ್ತರದಿಂದ ಮರಳಿನ ರಾಶಿಯ ಮೇಲೆ ಬಿದ್ದ. ಕಾಲು ಎರಡು ಕಡೆ ಮುರಿಯಿತು. ಆರು ತಿಂಗಳು ಅಪ್ಪ ದಿನಾ ಕೆಲಸದಿಂದ ಬಂದವರು ಕೈ ತೊಳೆದು, ಅವನ ಕಾಲಿಗೆ ಎಣ್ಣೆ ತಿಕ್ಕಿದರು. ಮಾತಿಲ್ಲ. ಬಣ್ಣ ಬಳಿದಂತೆಯೇ, ಮೇಲಿಂದ ಕೆಳಕ್ಕೆ, ಒಂದೇ ಸಮ.

ಅವನು ಕೆಲಸಕ್ಕೆ ಮರಳಿದ ದಿನ ತಂಡದವರು ಮೇಸ್ತ್ರಿ ಇರುವ ಈ ಕಟ್ಟಡಕ್ಕೇ ಹಳದಿ ಬಣ್ಣ ಶುರುಮಾಡಿದ್ದರು. ಗುಮಾಸ್ತ ತಾನಾಗಿಯೇ ನೆಲಮಹಡಿಯ ಗೋಡೆಯ ಮೇಲೆ ಅವನಿಗಾಗಿ ಒಂದು ಮೊಳದ ಚೌಕ ಗೀಚಿಟ್ಟಿದ್ದ. ಮೇಸ್ತ್ರಿ ಬಂದು ನೋಡಿ ಅದನ್ನು ಅಂಗೈಯಿಂದ ಒರೆಸಿಬಿಟ್ಟರು.

“ಇದೆಲ್ಲ ಅವನಿಗೆ ಬೇಡ. ನನ್ನ ಮಗ ಅವನು. ಮುಂದಿನ ಗೋಡೆ ಪೂರ್ತಿ ಮಾಡ್ತಾನೆ.”

ಮಾಡಿದ ಕೂಡ. ತಾರಸಿಯಿಂದ ಮೂರನೆಯ ಮಹಡಿಯವರೆಗೆ ಹಳದಿ ಬಳಿಯುತ್ತ, ಮೊಳ ಎನ್ನುತ್ತ ಇಳಿದ. ಎರಡನೆಯ ಮಹಡಿಯ ಎತ್ತರಕ್ಕೆ ಬಂದಾಗ ಗಾಳಿಗೆ ಹಲಗೆ ಸ್ವಲ್ಪ ತೂಗಿತು, ಅಷ್ಟೇ. ಬ್ರಷ್ಷು ಬಿತ್ತು. ಅವನು ನೀರಿನ ಕೊಳವೆಯನ್ನು ತಬ್ಬಿಕೊಂಡ. ಆಗತಾನೇ ತಾನೇ ಬಳಿದ ಹಸಿ ಬಣ್ಣದಲ್ಲಿ ಎರಡು ಅಂಗೈಯೂ ಊರಿದವು. ಮುಂದೆ ಬಾಯಿ ತೆರೆಯಲಿಲ್ಲ. ಅವನು ಮೊಳ ಎನ್ನದೆ ಮೇಲಿನವರು ಹಗ್ಗ ಬಿಡುವಂತಿಲ್ಲ. ರಸ್ತೆಯಲ್ಲಿ ಜನ ಸೇರಿದರು. ಮೇಸ್ತ್ರಿ ಕೆಳಗಿನಿಂದ, “ಹೇಳೋ,” ಎಂದರು. “ಮೊಳ ಅನ್ನು. ಒಂದು ಸಲ ಅನ್ನು,” ಎಂದರು. ಮುಕ್ಕಾಲು ಗಂಟೆ ಹಾಗೇ ಕಳೆಯಿತು. ಕೊನೆಗೆ ಮೇಸ್ತ್ರಿ ಜೀವನದಲ್ಲಿ ಮೊದಲ ಸಲ ತಮ್ಮ ಕಟ್ಟಳೆ ತಾವೇ ಮುರಿದು, “ಎಳ್ಕೊಳ್ಳಿ ಮೇಲಕ್ಕೆ,” ಎಂದು ಕೂಗಿದರು.

ಅವನು ಮೆಟ್ಟಿಲಿಳಿದು ಬಂದಾಗ ಅಪ್ಪ ಗೇಟಿನಲ್ಲಿ ನಿಂತಿದ್ದರು. ಮುರುಕು ಮನುಷ್ಯರಿಗೆಲ್ಲ ನಾಳೆ ಬೆಳಿಗ್ಗೆ ಬಾ ಎನ್ನುತ್ತಿದ್ದ ಬಾಯಿ ಅದು.

“ನಾಳೆಯಿಂದ ಬರಬೇಡ,” ಎಂದರು.

*

ಮುಚ್ಚಳಕ್ಕೆ ಮೊಳೆ ಬಿತ್ತು. ಬಾಲ್ಕನಿಯ ಕಂಬಿಯ ಸಮಕ್ಕೆ ಹಲಗೆ ಬಂದು ನಿಂತಿತು, ಹಗ್ಗವನ್ನು ತಾರಸಿಯಲ್ಲಿ ಬಿಗಿದು ಕಟ್ಟಿಟ್ಟರು. ನಾಲ್ವರೂ ಸೇರಿ ಪೆಟ್ಟಿಗೆಯನ್ನು ಕಂಬಿಯ ಮೇಲಿಂದ ಸರಿಸಿ, ಹಲಗೆಗೆ ಮೂರು ಕಡೆ ಬಿಗಿದರು. ಮೇಸ್ತ್ರಿಯ ತಲೆಯ ಕಡೆ, ಬಾಲ್ಕನಿ ಮುಗಿದು ಗೋಡೆ ಶುರುವಾಗುವಲ್ಲಿ, ಒಬ್ಬ ಕೂರುವಷ್ಟು ಜಾಗ ಬಿಟ್ಟಿದ್ದರು.

ಗುಮಾಸ್ತ ಮಗನ ಸೊಂಟಕ್ಕೆ ಹಗ್ಗ ಕಟ್ಟಿದ. “ಗಂಟು ನೋಡ್ಕೋ ತಮ್ಮ.”

“ನೀವೇ ನೋಡಿ ಮಾಮ.”

“ಕೆಳಗೆ ನೋಡ್ಬೇಡ. ಮೇಲೂ ನೋಡ್ಬೇಡ. ಮುಂದಿರೋ ಗೋಡೆ ನೋಡು. ಎಷ್ಟು ಹೊತ್ತಾದ್ರೂ ಕಾಯ್ತೀವಿ.”

“ಗೇಟು ಮುಚ್ತಾರೆ.”

“ಮುಚ್ಲಿ.”

ಅವನು ಕಂಬಿ ದಾಟಿದ್ದು ಅವನಿಗೆ ನೆನಪಿಲ್ಲ. ಕೂತ ಮೇಲೆ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಪೆಟ್ಟಿಗೆಯ ಮೇಲೆ. ನಾಲ್ವರೂ ತಾರಸಿಗೆ ಓಡಿದರು. ಕುಳ್ಳ ಮೇಲಿಂದ ಬಗ್ಗಿ ನೋಡಿ, ಒಳ್ಳೆಯ ಕೈ ಬೀಸಿದ.

“ಮೊಳ,” ಎಂದ ಮಗ. ಹಗ್ಗ ಒಂದು ಮೊಳ ಸಡಿಲಿತು. ತಾಯಿಯ ಪಾದಗಳು ಅವನ ಕಣ್ಣಿನ ಮಟ್ಟಕ್ಕೆ ಬಂದವು, ಬರಿಗಾಲು. “ಮೊಳ.” ಪಾದಗಳು ಹೋದವು. ಬೂದಿ ಬಣ್ಣದ ಗೋಡೆ ಬಂತು. “ಮೊಳ.”

ಮೂರನೆಯ ಮಹಡಿಯಲ್ಲಿ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ನಿಂತಿದ್ದ. ಗಾಳಿ ಬಂದಾಗ ಮಗ ಕಾಲಿನಿಂದ ಗೋಡೆ ಒದ್ದು ಹಲಗೆಯನ್ನು ದೂರ ಮಾಡಿದ. ಮೈ ತನಗೆ ಗೊತ್ತಿದ್ದುದನ್ನು ಮರೆತಿರಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು, ಯಾಕೆಂದರೆ ಮುಂದಿನದೂ ಅದಕ್ಕೆ ಗೊತ್ತಿತ್ತು.

ಎರಡನೆಯ ಮಹಡಿಯ ಎತ್ತರದಲ್ಲಿ ಬಾಯಿ ಕಟ್ಟಿತು.

ಅದೇ ಎತ್ತರ, ಅದೇ ಕೊಳವೆ. ಅವನು ಮುಂದಕ್ಕೆ ಬಾಗಿ ಕೊಳವೆಯನ್ನು ತಬ್ಬಿಕೊಂಡ. ಹಲಗೆ ಓರೆಯಾಗಿ ಪೆಟ್ಟಿಗೆ ಕಿರುಗುಟ್ಟಿತು, ಒಳಗೆ ಏನೋ ಜರುಗಿ ಅವನ ಕಡೆಯ ತುದಿಗೆ ಮೆಲ್ಲಗೆ ತಾಗಿತು. ಅಪ್ಪನ ತಲೆ. ಕೆಳಗೆ ಗಾಡಿಯವನು ಏನೋ ಕೂಗಿದ, ಯಾರೋ ಅವನ ಬಾಯಿ ಮುಚ್ಚಿಸಿದರು. ಮೇಲೆ ನಾಲ್ಕು ಜನ ಹಗ್ಗ ಹಿಡಿದು ಕಂಬದಂತೆ ನಿಂತಿದ್ದರು. ಯಾರೂ ಹೇಳೋ ಎನ್ನಲಿಲ್ಲ. ಎನ್ನುವವರು ಪೆಟ್ಟಿಗೆಯಲ್ಲಿದ್ದರು.

ಎಷ್ಟು ಹೊತ್ತಾಯಿತೋ. ಕಣ್ಣು ಬಿಟ್ಟಾಗ ಕೊಳವೆಯ ಹಿಂದಿನ ಗೋಡೆ ಹಳದಿಯಾಗಿತ್ತು.

ಹಳೆಯ ಹಳದಿ, ಒಂಬತ್ತು ವರ್ಷದ ಹಿಂದಿನದು. ಅದರ ಸುತ್ತ ಬಿಳಿಯ ಅಂಚು, ಬಿಳಿಯ ಸುತ್ತ ಬೂದಿ. ಎರಡು ಸಲದ ಬಣ್ಣವೂ ಅಲ್ಲಿಗೆ ಬಂದು, ದಾರ ಹಿಡಿದು ಎಳೆದಷ್ಟು ನೇರವಾಗಿ ನಿಂತುಬಿಟ್ಟಿತ್ತು. ಕೊಳವೆಯ ಮರೆ, ಬಾಲ್ಕನಿಯ ನೆರಳು, ರಸ್ತೆಯಿಂದ ಕಾಣುವಂಥದ್ದಲ್ಲ. ಹಲಗೆಯ ಮೇಲೆ ಕೂತವನಿಗೆ ಮಾತ್ರ ಕಾಣುವುದು. ಹಳದಿಯ ನಡುವೆ, ಕೊಳವೆಯ ಎಡಕ್ಕೊಂದು ಬಲಕ್ಕೊಂದು, ಎರಡು ಅಂಗೈಯ ಗುರುತು. ಬೆರಳುಗಳೆಲ್ಲ ಅಗಲಿಸಿಕೊಂಡಿದ್ದವು.

ಅಳೆದು ನೋಡಬೇಕಾಗಿರಲಿಲ್ಲ. ಅಗಲ ಒಂದು ಮೊಳ, ಎತ್ತರ ಒಂದು ಮೊಳ.

“ಅಪ್ಪ,” ಎಂದ. “ಇದನ್ನ ಬಾಯಲ್ಲಿ ಹೇಳೋಕೆ ಏನಾಗಿತ್ತು ನಿಮಗೆ?” ಅವನು ಅತ್ತ. ಒಂಬತ್ತು ವರ್ಷ ಈ ಗೋಡೆಯ ಕೆಳಗೆ ತಲೆ ತಗ್ಗಿಸಿಕೊಂಡು ಓಡಾಡಿದ್ದ. ಹಿಂದೆ ಹೋಗಿ ಹಿಡಿಯುವಂಥದ್ದು ಈಗ ಏನೂ ಉಳಿದಿರಲಿಲ್ಲ.

ತಾರಸಿಯ ಅಂಚಿನಲ್ಲಿ ಕುಳ್ಳ ಪ್ಲಾಸ್ಟರಿನ ಕೈ ಎದೆಗವಚಿಕೊಂಡು ಬಗ್ಗಿದ್ದ. ಅವನ ಹಿಂದೆ ಪೈಲ್ವಾನನ ಅಂಗೈಯಿಂದ ರಕ್ತ ಹಗ್ಗಕ್ಕೆ ಇಳಿಯುತ್ತಿತ್ತು. ಅವನು ಹಿಡಿತ ಬದಲಿಸಲಿಲ್ಲ.

ಮಗ ಕೊಳವೆ ಬಿಟ್ಟ. ಮೊದಲು ಒಂದು ಕೈ, ಆಮೇಲೆ ಇನ್ನೊಂದು. ಎರಡನ್ನೂ ಗೋಡೆಯ ಮೇಲೆ, ಇದ್ದ ಗುರುತಿನ ಮೇಲೆಯೇ ಊರಿ, ಹಲಗೆಯನ್ನು ಹೊರಕ್ಕೆ ತಳ್ಳಿದ. ಪೆಟ್ಟಿಗೆ ನೆಟ್ಟಗಾಯಿತು.

“ಮೊಳ,” ಎಂದ.

ಹಗ್ಗ ಸಡಿಲಿತು. ಹಳದಿ ಚೌಕ ಅವನ ಹಣೆಯ ಮಟ್ಟಕ್ಕೆ ಬಂತು, ಆಮೇಲೆ ತಲೆಯ ಮೇಲಕ್ಕೆ ಹೋಯಿತು. ಹಳೆಯ ಬಣ್ಣದ ಪುಡಿ ಎರಡು ಅಂಗೈಗೂ ಮೆತ್ತಿಕೊಂಡಿತ್ತು. ಅವನು ಒರೆಸಿಕೊಳ್ಳಲಿಲ್ಲ. ಒಂದು ಕೈ ಹಗ್ಗದ ಮೇಲಿಟ್ಟ, ಇನ್ನೊಂದನ್ನು ಮುಚ್ಚಳದ ಮೇಲೆ, ಅಪ್ಪನ ತಲೆ ಇರುವಲ್ಲಿ ಇಟ್ಟ. ನೆಲ ಮುಟ್ಟಿದಾಗ ಮುಚ್ಚಳದ ಮೇಲೆ ಐದು ಹಳದಿ ಬೆರಳು ಮೂಡಿದ್ದವು.